ಪುಲಿಗೆರೆಯ ಪಣವೂ ವರಮಾನ ತೆರಿಗೆಯೂ

ಯಳವತ್ತಿಯವರಿಗೆ ತಾಲೂಕಿನ ಊರು ಲಕ್ಷ್ಮೇಶ್ವರ. ಇದೇ ಹಿಂದಿನ ಪುಲಿಗೆರೆ. ಇಲ್ಲಿಯ ತಿರುಳ್ಗನ್ನಡವನ್ನು ಪಂಪ ನೆನೆದದ್ದರಿಂದ ಸಾಹಿತ್ಯಪ್ರಿಯರಿಗೆ ಈ ಹೆಸರು ಚಿರಪರಿಚಿತ. ತೆರಿಗೆಯ ಚರಿತ್ರೆಯನ್ನು ಅರಸುವವನಿಗೂ ಈ ಊರು ಅಷ್ಟೇ ಮುಖ್ಯವೆಂಬುದು ಹಲವರಿಗೆ ತಿಳಿದಿಲ್ಲ.

ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ ಈ ಊರಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಕೊಟ್ಟು ಕಂಬದ ಮೇಲೆ ಬರೆಯಿಸಿದನು. ಪ್ರತಿಯೊಂದು ಒಕ್ಕಲೂ ವೈಶಾಖ ಮಾಸದಲ್ಲಿ ದೇಶಾಧಿಪತಿಗಳಿಗೆ ತೆರಿಗೆ ಸಲ್ಲಿಸಬೇಕು. ಉತ್ತಮ ಒಕ್ಕಲಿಗೆ 10 ಪಣ, ಮಧ್ಯಮಕ್ಕೆ 7, ಅದರ ಕೆಳಗಿನದಕ್ಕೆ 5, ತೀರ ಬಡ ಒಕ್ಕಲಿಗೆ 3. ನಮ್ಮ ಇಂದಿನ ಆರ್ಥಿಕ ವರ್ಷವೂ ಚೈತ್ರ ವೈಶಾಖಗಳ ಆಸುಪಾಸಿನಲ್ಲಿಯೇ ಮೊದಲಾಗುತ್ತದೆ; ಅದು ಕಾಕತಾಳೀಯವಿದ್ದೀತು. ಈ ಕಲ್ಲಿನ ಹಿರಿಮೆ ಬರಿಯ ದರಪಟ್ಟಿಯಲ್ಲಿಲ್ಲ. ರಾಜದತ್ತಿ, ತಾಮ್ರಶಾಸನ, ಮೊದಲಿನಿಂದ ಅನುಭವಿಸಿಕೊಂಡು ಬಂದ ಆಸ್ತಿ ಇವನ್ನೆಲ್ಲ ರಾಜಪುರುಷರು ಕಾಯತಕ್ಕದ್ದು ಎಂದೂ ಅದರಲ್ಲಿದೆ. ಕೊಡುವವನನ್ನು ಕಟ್ಟಿಹಾಕಿದಂತೆಯೇ ಕೊಳ್ಳುವವನನ್ನೂ ಕಟ್ಟಿಹಾಕಿದ ಕಟ್ಟಳೆ ಇದು.

ದೊಡ್ಡ ಮನೆಯವನು ಬಡವನಿಗಿಂತ ಮೂರು ಪಟ್ಟಿಗಿಂತ ತುಸು ಹೆಚ್ಚು ಕೊಟ್ಟರೆ ಸಾಕಾಗುತ್ತಿತ್ತು. ಆಸ್ತಿಯ ಅಂತರ ಮೂರೇ ಪಟ್ಟು ಇದ್ದೀತೆಂದು ನಂಬುವುದು ಕಷ್ಟ. ಇನ್ನೊಂದು ತೊಡಕು: ಐದರ ಒಕ್ಕಲನ್ನು ಏಳರ ಸಾಲಿಗೆ ಏರಿಸಿದ ದಿನವೇ ಎರಡು ಪಣ ಹೆಚ್ಚುತ್ತಿತ್ತು, ಸಂಪತ್ತು ಕೂದಲೆಳೆಯಷ್ಟೇ ಬೆಳೆದಿದ್ದರೂ.

ಈ ಮೆಟ್ಟಿಲಿನ ದೋಷ ಸಾವಿರ ವರ್ಷದ ಮೇಲೂ ತೊಲಗಲಿಲ್ಲ. 1860ರಲ್ಲಿ ಜೇಮ್ಸ್ ವಿಲ್ಸನ್ ತಂದ ವರಮಾನ ತೆರಿಗೆಯಲ್ಲಿ ವರ್ಷಕ್ಕೆ 200ರಿಂದ 500 ರೂಪಾಯಿವರೆಗಿನ ಆದಾಯಕ್ಕೆ ನೂರಕ್ಕೆ 2, ಅದರ ಮೇಲೆ 4 ಎಂದಿತ್ತು. 490 ರೂಪಾಯಿ ದುಡಿದವನು ಹತ್ತಕ್ಕೆ ತುಸು ಕಡಿಮೆ ತೆತ್ತರೆ, 510 ದುಡಿದವನು ಇಪ್ಪತ್ತಕ್ಕೂ ಹೆಚ್ಚು ತೆರಬೇಕು! ಲಕ್ಷ್ಮೇಶ್ವರ ಆಗ ಮಿರಜ ಸಂಸ್ಥಾನದ ಊರು. ಈ ಕಾಯ್ದೆಯ ಬಿಸಿ ತಾಗಿದ್ದು ನೆರೆಯ ಬ್ರಿಟಿಷ್ ಸೀಮೆಯಾದ ಗದಗಿನವರಿಗೆ. 1939ರ ತಿದ್ದುಪಡಿಯೇ ಮೆಟ್ಟಿಲನ್ನು ತೆಗೆದು ಪದರಗಳನ್ನು ತಂದಿತು. ಅಂದಿನಿಂದ ಗೆರೆ ದಾಟಿದ ಹಣಕ್ಕೆ ಮಾತ್ರ ಮೇಲಿನ ದರ. ಗೆರೆಯೊಳಗಿನದಕ್ಕೆ ಹಳೆಯ ದರವೇ. ಸಂಬಳ ಹೆಚ್ಚಿದರೆ ಕೈಗೆ ಬರುವುದು ಕಡಿಮೆಯಾಗುತ್ತದೆಂದು ಅಂಜುವವರು ಇನ್ನೂ ಇದ್ದಾರೆ. ಅವರ ಅಂಜಿಕೆ 1860ರದು.

2025-26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲ, ಮುಂದಿನ 4 ಲಕ್ಷಕ್ಕೆ ನೂರಕ್ಕೆ 5, ಅದರ ಮುಂದಿನ 4 ಲಕ್ಷಕ್ಕೆ 10. ಹೀಗೆ ಏರುತ್ತ 24 ಲಕ್ಷದ ಮೇಲೆ 30. ಸಂಬಳದಂಥ ಆದಾಯ 12 ಲಕ್ಷ ಮೀರದಿದ್ದರೆ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಇಲ್ಲಿ ಹಳೆಯ ಮೆಟ್ಟಿಲು ಮತ್ತೆ ತಲೆಯೆತ್ತಿತ್ತು: 12,10,000 ಆದಾಯಕ್ಕೆ ಲೆಕ್ಕದಂತೆ 61,500 ಬರುತ್ತದೆ. ಅದನ್ನು ಅರಿತೇ ಶಾಸನಕರ್ತರು ಗೆರೆ ಮೀರಿದ 10,000ಕ್ಕಿಂತ ಹೆಚ್ಚು ತೆರಿಗೆ ಕೇಳಕೂಡದೆಂದು ತಡೆ ಹಾಕಿದ್ದಾರೆ. ಉಪಕರದ ಮಾತು ಬೇರೆ.

ಹೆಚ್ಚಾಗಿ ಕೊಂಡದ್ದನ್ನು ಮರಳಿಸುವ ಏರ್ಪಾಡು ಈ ಕಾಲದ್ದು. ಯಳವತ್ತಿಯಂಥ ಊರಿನ ನಿವೃತ್ತ ಮಾಸ್ತರರ ಠೇವಣಿ ಬಡ್ಡಿಯಲ್ಲಿ ಬ್ಯಾಂಕು ತೆರಿಗೆ ಮುರಿದುಕೊಂಡಿರುತ್ತದೆ; ಅವರ ಆದಾಯಕ್ಕೆ ತೆರಿಗೆಯೇ ಇಲ್ಲದಿರಬಹುದು. ಆ ಹಣ ತಾನಾಗಿ ಬರುವುದಿಲ್ಲ. ರಿಟರ್ನ್ ಸಲ್ಲಿಸಬೇಕು, ಮುರಿದ ಮೊತ್ತ ತಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು 26ಎಎಸ್ ತಖ್ತೆಯಲ್ಲಿ ನೋಡಬೇಕು. ದೇಶದ ರಿಟರ್ನುಗಳನ್ನು ಪರಿಶೀಲಿಸುವ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಮರುಪಾವತಿ ಎಲ್ಲಿಗೆ ಬಂದಿದೆಯೆಂಬುದು ಇಲಾಖೆಯ ಜಾಲತಾಣದಲ್ಲಿ ಕಾಣುತ್ತದೆ. ‘ವಿಫಲ’ ಎಂದು ಕಂಡರೆ ಗಾಬರಿ ಬೇಡ. ಬಹುಮಟ್ಟಿಗೆ ಬ್ಯಾಂಕಿನ ಖಾತೆಯ ಹೆಸರಿಗೂ ಪ್ಯಾನಿನ ಹೆಸರಿಗೂ ತಾಳೆಯಾಗಿರುವುದಿಲ್ಲ, ಇಲ್ಲವೆ ಖಾತೆಯನ್ನು ದೃಢಪಡಿಸಿರುವುದಿಲ್ಲ. ಅದನ್ನು ಸರಿಪಡಿಸಿ ಅದೇ ತಾಣದಲ್ಲಿ ಮತ್ತೆ ಬೇಡಿಕೆ ಸಲ್ಲಿಸಿದರಾಯಿತು.