ಶಿಸ್ತು, ಕೊಳಗ, ಅಣೆಕಟ್ಟು: ಮಲೆನಾಡಿನ ಮೂರು ಅಳತೆಗಳು

ಕೆಳದಿಯ ಅರಸರ ಚರಿತ್ರೆಯನ್ನು ಓದುವವರ ಗಮನವು ಸಾಮಾನ್ಯವಾಗಿ ಕೋಟೆಕೊತ್ತಲಗಳ ಮೇಲೆ, ದಂಡಯಾತ್ರೆಗಳ ಮೇಲೆ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯ ಧೈರ್ಯದ ಮೇಲೆ ನಿಲ್ಲುತ್ತದೆ. ಅದು ಸಹಜವೇ. ಆದರೆ ಸಾಗರದ ಕೆಳದಿ ಮತ್ತು ಇಕ್ಕೇರಿ, ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ ಈ ಸ್ಥಾನಗಳಲ್ಲಿ ನೆಲೆಸಿ ೧೪೯೯ರಿಂದ ೧೭೬೩ರವರೆಗೆ ಆಳಿದ ಈ ವೀರಶೈವ ಮನೆತನದ ಬೊಕ್ಕಸವು ತುಂಬಿದ್ದು ಯಾವುದರಿಂದ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಮಳೆ ಸುರಿಯುವ, ಗದ್ದೆಗಿಂತ ಕಾಡೇ ಹೆಚ್ಚಾಗಿರುವ ಈ ಸೀಮೆಯು ಎರಡೂವರೆ ಶತಮಾನ ಒಂದು ರಾಜ್ಯವನ್ನು ಹೊತ್ತಿತು, ಹೊತ್ತೂ ಸೊರಗಲಿಲ್ಲ. ಇದರ ಗುಟ್ಟು ಖಡ್ಗದಲ್ಲಿಲ್ಲ, ಅಳತೆಗೋಲಿನಲ್ಲಿದೆ ಎಂದು ನನಗೆ ತೋರುತ್ತದೆ.

ಹೊರನಾಡಿನ ಬೇಡಿಕೆ ಮಲೆನಾಡಿಗೆ ಹೊಸತಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆಯು ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿಯ ಸಂಗಡ ಇಕ್ಕೇರಿಗೆ ಬಂದಾಗ ಅಲ್ಲಿ ವೆಂಕಟಪ್ಪನಾಯಕನ ಆಳ್ವಿಕೆಯಿತ್ತು. ಪೋರ್ಚುಗೀಸರನ್ನು ಈ ಘಟ್ಟದ ಅರಸರ ಬಾಗಿಲಿಗೆ ಎಳೆದು ತಂದ ವಸ್ತುಗಳಲ್ಲಿ ಮೊದಲನೆಯದು ಮೆಣಸು. ಎಲ್ಲಿಯೋ ದೂರದ ಊರಿನ ಅಡಿಗೆಯ ರುಚಿಯು ಇಲ್ಲಿನ ಬಳ್ಳಿಯ ಬೆಲೆಯನ್ನು ನಿರ್ಣಯಿಸುತ್ತಿದ್ದ ಕಾಲವದು. ಬೇಡಿಕೆಯಿದ್ದಷ್ಟೂ ಬೆಳೆಯಬೇಕೆಂಬ ಆಸೆ ಆಗಲೂ ಇದ್ದಿರಬೇಕು. ಅದಕ್ಕೆ ಅಂಕೆ ಹಾಕಿದವು ಯಾವುವು?

ಮೊದಲನೆಯದು ಶಿವಪ್ಪನಾಯಕನ ಶಿಸ್ತು. ೧೬೪೫ರಿಂದ ೧೬೬೦ರವರೆಗೆ ಆಳಿದ ಈ ಅರಸನ ಭೂಕಂದಾಯ ಪದ್ಧತಿಯನ್ನು ಮೈಸೂರು ಗ್ಯಾಸೆಟಿಯರಿನಲ್ಲಿ ಬಿ. ಎಲ್. ರೈಸರು ವಿವರವಾಗಿ ಕೊಟ್ಟಿದ್ದಾರೆ. ಪ್ರತಿ ಗ್ರಾಮದಲ್ಲಿಯೂ ಒಂದೊಂದು ತರದ ಒಂದೊಂದು ಭೂಮಿಯನ್ನು ಆರಿಸಿ, ಸತತವಾಗಿ ಹನ್ನೆರಡು ವರ್ಷ ಸರ್ಕಾರದ ವತಿಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಹುಟ್ಟುವಳಿಯೆಷ್ಟು, ಅದರ ಧಾರಣೆಯೆಷ್ಟು ಎಂಬುದನ್ನು ಬರೆದಿಡಲಾಯಿತು. ಬಳಿಕ ಸರಾಸರಿ ತೆಗೆದು ಅರಮನೆಯ ಪಾಲನ್ನು ಮೂರನೆಯ ಒಂದು ಭಾಗಕ್ಕೆ ನಿಲ್ಲಿಸಲಾಯಿತು. ಅಡಕೆ ತೋಟಗಳಿಗೆ ಬೇರೆಯೇ ಕ್ರಮ. ಇಕ್ಕೇರಿಯ ಅಘೋರೇಶ್ವರ ದೇವಾಲಯದಿಂದ ತೆಗೆದುಕೊಂಡ ಹದಿನೆಂಟೂವರೆ ಅಡಿಯ ಗಳುವಿನಿಂದ ಅಳೆದು, ಒಂದು ಮರಕ್ಕೆ ಸಲ್ಲುವ ಸ್ಥಳವನ್ನು 'ದಾಯ'ವೆಂದು ಕರೆದು, ಸಾವಿರ ದಾಯಕ್ಕೆ ೭ರಿಂದ ೨೫ ವರಹಗಳವರೆಗೆ ತೋಟದ ಗುಣಕ್ಕೆ ತಕ್ಕಂತೆ ಕಂದಾಯ ಕಟ್ಟಿದರು.

ಹನ್ನೆರಡು ವರ್ಷವೆಂದರೆ ಅತಿವೃಷ್ಟಿ, ಅನಾವೃಷ್ಟಿ, ಕೊಳೆರೋಗ, ಸುಗ್ಗಿ ಎಲ್ಲವೂ ಬಂದುಹೋಗುವಷ್ಟು ಕಾಲ. ನೆಲವು ಏನನ್ನು ಕೊಡಬಲ್ಲದು ಎಂಬುದನ್ನು ಮೊದಲು ತಿಳಿದು, ಅನಂತರ ತನಗೆಷ್ಟು ಬೇಕೆಂದು ರಾಜ್ಯವು ನಿರ್ಧರಿಸಿತು. ಈ ಅನುಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಎರಡನೆಯ ಅಂಕೆಯನ್ನು ಯಾವ ಅರಸನೂ ಹಾಕಿದ್ದಲ್ಲ. ಅದು ಸೊಪ್ಪಿನ ಬೆಟ್ಟ. ಮಲೆನಾಡಿನ ಅಡಕೆ ತೋಟವು ಕಣಿವೆಯ ತಳದಲ್ಲಿರುತ್ತದೆ. ಅದನ್ನು ಸಾಕುವ ಬೆಟ್ಟವು ಮೇಲಿರುತ್ತದೆ. ಬೆಟ್ಟದ ಹಸಿಸೊಪ್ಪು ಮತ್ತು ದರಕು ಕೊಟ್ಟಿಗೆಗೆ ಬಂದು, ದನಗಳ ಕಾಲ್ತುಳಿತಕ್ಕೆ ಸಿಕ್ಕಿ ಗೊಬ್ಬರವಾಗಿ, ಮರದ ಬುಡವನ್ನು ಸೇರುತ್ತದೆ. ನೆರೆಯ ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದ ನಿಯಮವು ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಒಪ್ಪಿತ್ತೆಂದರೆ ಈ ಲೆಕ್ಕದ ತೂಕ ತಿಳಿಯುತ್ತದೆ. ಬೆಟ್ಟವಿಲ್ಲದವನು ತೋಟವನ್ನು ಹಿಗ್ಗಿಸಲಾರ. ಬೆಟ್ಟವನ್ನು ಬೋಳಿಸಿದವನ ತೋಟ ಉಳಿಯದು. ನನ್ನ ಬಾಲ್ಯದಲ್ಲಿ ಸೊಪ್ಪು ಕಡಿಯುವಾಗ ಮರದ ತುದಿಯನ್ನು ಬಿಡಬೇಕೆಂದು ಹಿರಿಯರು ಗದರುತ್ತಿದ್ದರು. ಅದು ಮರದ ಮೇಲಿನ ಕರುಣೆಯೆಂದು ಆಗ ತಿಳಿದಿದ್ದೆ. ತೋಟದ ಮೇಲಿನ ಲೋಭವೂ ಅದರಲ್ಲಿ ಸೇರಿತ್ತೆಂದು ಈಗ ಅರ್ಥವಾಗುತ್ತದೆ. ಲೋಭವೂ ದೂರದೃಷ್ಟಿಯುಳ್ಳದ್ದಾದರೆ ಕೆಲವು ಸಲ ಸದ್ಗುಣದ ಕೆಲಸವನ್ನು ಮಾಡುತ್ತದೆ.

ವಚನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಆಯ್ದಕ್ಕಿ ಮಾರಯ್ಯನ ಪ್ರಸಂಗ ನೆನಪಾಗದಿರದು. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮನು ಒಳಗೆ ಕರೆಯಲಿಲ್ಲ, ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದದ್ದಲ್ಲ. ಅಳತೆ ಮೀರಿದ್ದು, ಅಷ್ಟೆ. ಬೆಳಗಾದರೆ ಮತ್ತೆ ಕಾಯಕವುಂಟೆಂಬ ನಂಬಿಕೆಯಿರುವ ಮನೆಯಲ್ಲಿ ನಾಳಿನ ಅಕ್ಕಿಗೆ ಸ್ಥಳವಿರಲಿಲ್ಲ. ಕೆಳದಿಯ ಅರಸರು ಈ ಪರಂಪರೆಯನ್ನು ಬಲ್ಲವರು. ಆದರೆ ಅವರು ಅದನ್ನು ನಡೆಸಿದ ಬಗೆಯನ್ನು ಮುಚ್ಚುಮರೆಯಿಲ್ಲದೆ ನೋಡಬೇಕು. ಮುಂದಿನ ಆಳ್ವಿಕೆಯಲ್ಲಿ ಶಿಸ್ತಿನ ಮೇಲೆ ವರಹಕ್ಕೆ ಒಂದಾಣೆಯಂತೆ 'ದಾಸೋಹ'ವೆಂಬ ಹೆಸರಿನ ಪಟ್ಟಿ ಬಿದ್ದಿತು, ಹಸಿದು ಬಂದವರಿಗೆ ಅನ್ನವಿಡುವ ಸಲುವಾಗಿ. ಉದ್ದೇಶ ಪವಿತ್ರವಾದುದೇ, ಆದರೂ ಶರಣರ ದಾಸೋಹವು ತನ್ನ ಕಾಯಕದ ಫಲದಿಂದ ತಾನಾಗಿ ಅರ್ಪಿಸುವಂಥದು, ಶಾನುಭೋಗನ ಕಡತದಿಂದ ವಸೂಲಾಗುವಂಥದಲ್ಲ. ಮರಾಠರ ಚೌತಿಯ ಹಣಕ್ಕಾಗಿ ಮತ್ತೊಂದು ಪಟ್ಟಿಯೂ ಸೇರಿತು. ಅಳತೆಯನ್ನು ನಿಲ್ಲಿಸಿದವರ ಮನೆಯಲ್ಲಿಯೇ ಅಳತೆ ಸಡಿಲವಾಯಿತು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು.

ಹಳೆಯ ಕಾಲವೆಲ್ಲ ಸತ್ಯಯುಗವಾಗಿತ್ತೆಂಬ ಭ್ರಮೆಯನ್ನು ಕಳೆಯಲು ಸಾಗರ ತಾಲ್ಲೂಕಿನ ಕಾಗೋಡು ಎಂಬ ಒಂದೇ ಹಳ್ಳಿ ಸಾಕು. ೧೯೫೧ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಅವರ ದೂರುಗಳಲ್ಲಿ ಮುಖ್ಯವಾದದ್ದು ಕೊಳಗದ ಗಾತ್ರ: ಗೇಣಿ ಭತ್ತವನ್ನು ಅಳೆದುಕೊಳ್ಳುವ ಒಡೆಯರ ಕೊಳಗವು ವಾಡಿಕೆಯ ಕೊಳಗಕ್ಕಿಂತ ದೊಡ್ಡದೆಂಬುದು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ನೆಲದೊಡನೆ ಅಳತೆಯಿಂದ ನಡೆದುಕೊಂಡ ಸಮಾಜವೇ ನೆಲ ಉಳುವವನೊಡನೆ ಅಳತೆ ತಪ್ಪಿತ್ತು. ಉಳುವವನೇ ಒಡೆಯನೆಂಬ ಕಾನೂನು ಬಲವಾಗಿ ಜಾರಿಗೆ ಬಂದದ್ದು ೧೯೭೪ರಲ್ಲಿ.

ಆದರೆ ಅಷ್ಟರೊಳಗೆ ಈ ಸೀಮೆಯ ಎಷ್ಟೋ ಗದ್ದೆಗಳು ಒಡೆಯನಿಗೂ ಇಲ್ಲ, ಗೇಣಿದಾರನಿಗೂ ಇಲ್ಲ ಎಂಬಂತಾಗಿದ್ದವು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸಾಗರಗಳನ್ನು ಹಾಯ್ದು, ಜೋಗದಲ್ಲಿ ೮೩೦ ಅಡಿ ಧುಮುಕುವ ಶರಾವತಿಗೆ ಮೊದಲು ಹಿರೇಭಾಸ್ಕರದ ಅಣೆಯಾಯಿತು. ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಬೆಳಗಿತು. ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಯು ಆ ಹಳೆಯ ಅಣೆಯನ್ನೇ ನುಂಗಿತು. ೧೮೧೯ ಅಡಿಯ ಮಟ್ಟ, ೧೫೧ ಟಿ.ಎಂ.ಸಿ.ಗೂ ಮಿಕ್ಕ ನೀರು, ಸುಮಾರು ೩೦೦ ಚದರ ಕಿಲೋಮೀಟರ್ ಹರವು, ೧೦೩೫ ಮೆಗಾವಾಟ್ ಶಕ್ತಿ. ಎಲ್ಲವೂ ಕರಾರುವಾಕ್ಕಾದ ಅಳತೆಗಳೇ. ಆ ಬೆಳಕಿಲ್ಲದೆ ಕರ್ನಾಟಕದ ಕೈಗಾರಿಕೆಗಳು ಬೆಳೆಯುತ್ತಿರಲಿಲ್ಲ. ಇದನ್ನು ಬರೆಯುತ್ತಿರುವ ನನ್ನ ಮೇಜಿನ ದೀಪವೂ ಅದರ ಋಣದಲ್ಲಿದೆ. ಆದರೆ ಇಲ್ಲಿ ಶಿಸ್ತಿನ ಅನುಕ್ರಮವು ತಲೆಕೆಳಗಾಯಿತು. ನಾಡಿಗೆ ಎಷ್ಟು ಬೇಕೆಂಬುದು ಮೊದಲು ನಿಶ್ಚಯವಾಯಿತು. ನೆಲವು ಏನನ್ನು ಕೊಡಬಲ್ಲದು, ಕೊಟ್ಟ ಬಳಿಕ ಅಲ್ಲಿನವರಿಗೆ ಏನು ಉಳಿಯುವುದು ಎಂಬ ಹನ್ನೆರಡು ವರ್ಷದ ಕಡತವನ್ನು ಯಾರೂ ಬರೆಯಲಿಲ್ಲ. ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ನೀರು ನುಗ್ಗಿತು. ತೋಟಕ್ಕೆ ಪರಿಹಾರ ಸಂದೀತು. ಆ ತೋಟದ ಬೆಟ್ಟಕ್ಕೆ, ಕೊಟ್ಟಿಗೆಗೆ, ನೆರೆಮನೆಗೆ ಯಾವ ದಾಯದ ಲೆಕ್ಕ? ಎಬ್ಬಿಸಿ ಕಾಡಿನ ನಡುವೆ ಕೂರಿಸಲ್ಪಟ್ಟ ಕುಟುಂಬಗಳಲ್ಲಿ ಅನೇಕರು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿಗಳನ್ನು ಅಲೆಯುತ್ತಿದ್ದಾರೆ. ನಾ. ಡಿಸೋಜರು ಈ ಸಂಕಟವನ್ನು 'ಮುಳುಗಡೆ', 'ದ್ವೀಪ' ಕೃತಿಗಳಲ್ಲಿ ದಾಖಲಿಸಿದರು. ಹಿನ್ನೀರಿನ ಆಚೆ ಉಳಿದವರು ಲಾಂಚಿನಲ್ಲಿ ದಾಟಿದ್ದು ಆರು ದಶಕ. ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆ ತೆರೆದದ್ದು ೨೦೨೫ರ ಜುಲೈಯಲ್ಲಿ. ಹೊಸನಗರ ತಾಲ್ಲೂಕಂತೂ ಲಿಂಗನಮಕ್ಕಿಯ ಹಿನ್ನೀರಿನ ಜೊತೆಗೆ ಮಾಣಿ, ಚಕ್ರಾ, ಸಾವೆಹಕ್ಲು ಜಲಾಶಯಗಳನ್ನೂ ಹೊತ್ತಿದೆ.

ತಪ್ಪೆಲ್ಲ ಹೊರಗಿನವರದೆಂದು ಹೇಳಿ ನಾವು ಪಾರಾಗುವಂತಿಲ್ಲ. ಅಡಕೆಯ ಧಾರಣೆ ಏರಿದಂತೆ ನಮ್ಮವರೇ ಭತ್ತದ ಗದ್ದೆಗಳನ್ನು ತೋಟವಾಗಿಸಿದರು. ಈ ಹೊಸ ತೋಟಗಳಲ್ಲಿ ಎಷ್ಟೋ ತೋಟಗಳಿಗೆ ಬೆಟ್ಟವಿಲ್ಲ. ಚೀಲದ ಗೊಬ್ಬರ, ಕೊಳವೆಬಾವಿಯ ನೀರು. ಅಡಕೆಯ ಒಂದು ಪಾಲು ಗುಟ್ಕಾ ಪೊಟ್ಟಣವನ್ನು ಸೇರಿ ಯಾವುದೋ ಊರಿನ ಹುಡುಗನ ಬಾಯನ್ನು ಕೆಡಿಸುತ್ತದೆಂದು ತಿಳಿದೂ ನಾವು ಧಾರಣೆಯನ್ನಷ್ಟೇ ವಿಚಾರಿಸುತ್ತೇವೆ. ಲಕ್ಕಮ್ಮನ ಬಾಗಿಲಲ್ಲಿ ಈ ಅಡಕೆಯ ಚೀಲವನ್ನು ಇಳಿಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪಕ್ಕೆ ೨೦೧೯ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆಯು ಬಂದ್ ಆಚರಿಸಿ ಉತ್ತರಕೊಟ್ಟಿತು. ಈಗ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ೨೦೦೦ ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಸಿಂಗಳೀಕಗಳ ಕಾಡಿನ ನಡುವೆ. ಮತ್ತೆ ಬೇಡಿಕೆಯ ಅಂಕಿಯೇ ಮೊದಲು ಬಂದಿದೆ.

ಮಳೆ ಕೈಕೊಟ್ಟ ಒಂದು ಬೇಸಗೆಯಲ್ಲಿ ಹಿನ್ನೀರು ಇಳಿದು ಹಿರೇಭಾಸ್ಕರದ ಅಣೆ ಮೇಲೆ ಬಂದಿತ್ತು. ನೋಡಲು ಹೋಗಿದ್ದೆ. ಕಲ್ಲುಕಟ್ಟಡ ಒಂದಿಷ್ಟೂ ಕದಲದೆ ನಿಂತಿತ್ತು. ಅಲ್ಲಿಗೆ ಬಂದಿದ್ದ ವೃದ್ಧರೊಬ್ಬರು ಒಡೆದ ಕೆಸರಿನ ಬಯಲನ್ನು ತೋರಿಸಿ, "ಮೇಷ್ಟ್ರೇ, ನಮ್ಮದು ಅಲ್ಲಿತ್ತು" ಎಂದರು. ಎಷ್ಟು ಎಕರೆ ಎಂದು ಕೇಳಿದೆ. ಎಕರೆ ಅವರಿಗೆ ತಿಳಿಯದು. "ಆರು ಖಂಡುಗ ಬೀಜವರಿ" ಎಂದು ಹೇಳಿ, ಬದುವಿನ ಕುರುಹು ಹುಡುಕುತ್ತ ಕೆಳಗಿಳಿದು ಹೋದರು.