ಮಿಷಿಗನ್ ಚೆಕ್‌ಲಿಸ್ಟ್: ಉಗ್ರಾಣದ ಪಾತ್ರ ಕುರಿತು ಮರುಪರಿಶೀಲನೆ

ದೊಡ್ಡ ರಕ್ತನಾಳಕ್ಕೆ ಹಾಕುವ ಕ್ಯಾತಿಟರ್‌ನಿಂದ ತಗಲುವ ಸೋಂಕನ್ನು ಅಮೆರಿಕದ ಮಿಷಿಗನ್ ರಾಜ್ಯದ ಆಸ್ಪತ್ರೆಗಳು ತಗ್ಗಿಸಿದ ಬಗೆ ಎಲ್ಲರಿಗೂ ತಿಳಿದದ್ದೇ. ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರ 2006ರ ವರದಿಯಂತೆ, 103 ತೀವ್ರ ನಿಗಾ ಘಟಕಗಳಲ್ಲಿ ಸಾವಿರ ಕ್ಯಾತಿಟರ್ ದಿನಗಳಿಗೆ ಸರಾಸರಿ 7.7ರಷ್ಟಿದ್ದ ಸೋಂಕು 18 ತಿಂಗಳೊಳಗೆ 1.4ಕ್ಕೆ ಇಳಿಯಿತು. ಜನಪ್ರಿಯ ಬರಹಗಳು ಇದರ ಕೀರ್ತಿಯನ್ನು ಐದು ಅಂಶಗಳ ಚೆಕ್‌ಲಿಸ್ಟಿಗೆ ಕೊಟ್ಟವು. ಮೇರಿ ಡಿಕ್ಸನ್-ವುಡ್ಸ್ ಮತ್ತಿತರರು 2011ರಲ್ಲಿ ಇದನ್ನು ತಿದ್ದಿದರು. ಪ್ರೊನೊವೊಸ್ಟ್ ಕೂಡ ಆ ಲೇಖಕರಲ್ಲೊಬ್ಬರು. ಕೆಲಸ ಮಾಡಿದ್ದು ಬರಿಯ ಕಾಗದವಲ್ಲ, ಘಟಕಗಳ ನಡುವಿನ ಒಡನಾಟ, ಅಂಕಿಅಂಶಗಳ ಒತ್ತಡ, ಬದಲಾದ ವೃತ್ತಿಸಂಸ್ಕೃತಿ ಎಂಬುದು ಅವರ ವಾದ.

ಈ ತಿದ್ದುಪಡಿಯನ್ನು ಒಪ್ಪುತ್ತೇನೆ. ಆದರೆ ಸಾಮಗ್ರಿ ಪೂರೈಕೆಗೆ ಅಲ್ಲಿ ಸಿಕ್ಕ ತೂಕ ಸಾಲದು ಎಂಬುದು ನನ್ನ ತಕರಾರು. ಮಿಷಿಗನ್‌ಗೆ ಮೊದಲು ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಈ ಪ್ರಯೋಗ ನಡೆದಾಗ, ಕ್ಯಾತಿಟರ್ ಹಾಕಲು ಬೇಕಾದ ವಸ್ತುಗಳನ್ನು ವೈದ್ಯರು ಎಂಟು ಕಡೆ ಹುಡುಕಬೇಕಿತ್ತು. ಗೌನು, ಗ್ಲೌಸು, ರೋಗಿಗೆ ಹೊದಿಸುವ ಕ್ರಿಮಿರಹಿತ ಹೊದಿಕೆ, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಎಲ್ಲವನ್ನೂ ಒಂದೇ ತಳ್ಳುಗಾಡಿಯಲ್ಲಿ ಜೋಡಿಸಿಟ್ಟರು. ಮಿಷಿಗನ್‌ನಲ್ಲಂತೂ ಕ್ಲೋರ್‌ಹೆಕ್ಸಿಡಿನ್ ದಾಸ್ತಾನಿದ್ದದ್ದು ಮೂರರಲ್ಲೊಂದು ಪಾಲಿಗಿಂತ ಕಡಿಮೆ ಘಟಕಗಳಲ್ಲಿ ಎಂದು ವೈದ್ಯ, ಲೇಖಕ ಅತುಲ್ ಗವಾಂಡೆ 2007ರಲ್ಲಿ ಬರೆದರು. ಅದನ್ನು ತರಿಸುವ ಅಧಿಕಾರವಿದ್ದದ್ದು ಆಡಳಿತಗಾರರಿಗೆ. ಪ್ರತಿ ಘಟಕಕ್ಕೂ ಒಬ್ಬ ಹಿರಿಯ ಆಡಳಿತಗಾರರನ್ನು ಗೊತ್ತುಮಾಡಿದ ಮೇಲೆ ಆ ಅಡ್ಡಿ ನೀಗಿತು.

ಚೆಕ್‌ಲಿಸ್ಟಿನ ಹಂತ ತಪ್ಪಿಸಿದ ವೈದ್ಯರನ್ನು ತಡೆಯುವ ಹಕ್ಕನ್ನು ನರ್ಸ್‌ಗಳಿಗೆ ಕೊಟ್ಟದ್ದೇ ಈ ಸುಧಾರಣೆಯ ಜೀವ ಎನ್ನುವುದುಂಟು. ಆದರೆ ನಡುರಾತ್ರಿ ರೋಗಿಯ ರಕ್ತದೊತ್ತಡ ಕುಸಿಯುತ್ತಿದೆ, ಹೊದಿಕೆ ಇರುವುದು ಇನ್ನೊಂದು ಮಹಡಿಯಲ್ಲಿ ಎಂದುಕೊಳ್ಳಿ. ಆಗ ವೈದ್ಯರನ್ನು ತಡೆದರೆ ರೋಗಿಗೇ ಅಪಾಯ. ಹಕ್ಕು ಇದ್ದೂ ಬಾಯಿ ಕಟ್ಟುತ್ತದೆ. ತಳ್ಳುಗಾಡಿ ಪಕ್ಕದಲ್ಲೇ ಇದ್ದರೆ ತಡೆದು ಸರಿಪಡಿಸಲು ಅರೆನಿಮಿಷ ಸಾಕು. ಹಾಗಾಗಿ ಸಂಸ್ಕೃತಿ ಬದಲಾವಣೆ ಎಂದು ನಾವು ಗುರುತಿಸುವುದರಲ್ಲಿ ಒಂದು ಪಾಲು, ಬಹುಶಃ ದೊಡ್ಡ ಪಾಲೇ, ಉಗ್ರಾಣದ ಸುಧಾರಣೆಯ ಫಲವಿರಬಹುದು.

ಈ ಮಾತನ್ನು ಎಚ್ಚರದಿಂದಲೇ ಹೇಳುತ್ತಿದ್ದೇನೆ. ಎಲ್ಲ ಕ್ರಮಗಳೂ ಒಟ್ಟಿಗೆ ಬಂದುದರಿಂದ ಒಂದೊಂದರ ಪರಿಣಾಮವನ್ನು ಬಿಡಿಸಿ ಅಳೆದಿಲ್ಲ. ಹೋಲಿಕೆಗೆಂದು ಪ್ರತ್ಯೇಕ ಗುಂಪೂ ಇರಲಿಲ್ಲ. 2009–2011ರಲ್ಲಿ ಇಂಗ್ಲೆಂಡ್ ಇದೇ ವಿಧಾನವನ್ನು ತಂದಾಗ ಕಾರ್ಯಕ್ರಮ ಇನ್ನೂ ಶುರುವಾಗದ ಘಟಕಗಳಲ್ಲೂ ಸೋಂಕು ಇಳಿಯುತ್ತಿತ್ತು. ಅಲ್ಲಿ ಸೋಂಕು ತಡೆಯುವ ಪ್ರಯತ್ನಗಳು ಮೊದಲೇ ನಡೆದಿದ್ದವು. ಅಡ್ಡಿಗಳು ಆಗಲೇ ಕಳೆದಿದ್ದರೆ ಚೆಕ್‌ಲಿಸ್ಟಿನ ಹೆಚ್ಚುವರಿ ಲಾಭ ತಗ್ಗುವುದು ಸಹಜ; ಇದು ನನ್ನ ವಾದಕ್ಕೆ ಹೊಂದುತ್ತದೆ, ಅದನ್ನು ಸಾಬೀತು ಮಾಡುವುದಿಲ್ಲ. ಘಟಕವಾರು ಖರೀದಿ ಮತ್ತು ದಾಸ್ತಾನು ವಹಿಗಳ ದಿನಾಂಕಗಳನ್ನು ಸೋಂಕಿನ ದಾಖಲೆಗಳ ಜೊತೆ ಹೋಲಿಸಿದರೆ, ಇಳಿಕೆ ಶುರುವಾದದ್ದು ಸಾಮಗ್ರಿ ಬಂದ ಮೇಲೋ ಅದಕ್ಕೂ ಮೊದಲೋ ಎಂಬುದನ್ನಾದರೂ ಪರೀಕ್ಷಿಸಬಹುದು.