ಮೆಚ್ನಿಕಾಫನ ಭಕ್ಷಕಕೋಶಗಳೂ ಮುಪ್ಪಿನ ಪ್ರಶ್ನೆಯೂ

ಇಂದಿನ ಸಿದ್ಧಾಂತವೊಂದಕ್ಕೆ ಹಿಂದಿನವನೊಬ್ಬನನ್ನು ಮೂಲಪುರುಷನೆಂದು ನಿಲ್ಲಿಸುವ ರೂಢಿ ವಿಜ್ಞಾನೇತಿಹಾಸಕಾರರಲ್ಲಿ ಉಂಟು. ಮುಪ್ಪು ದೇಹದ ಸಹಜ ರೋಗನಿರೋಧ ಶಕ್ತಿಯನ್ನು ಹೇಗೆ ಮಾರ್ಪಡಿಸುತ್ತದೆಂಬ ವಿಚಾರದಲ್ಲಿ ಆ ಸ್ಥಾನವನ್ನು ರಷ್ಯನ್ ಸಾಮ್ರಾಜ್ಯದಲ್ಲಿ ಜನಿಸಿದ ಪ್ರಾಣಿಶಾಸ್ತ್ರಜ್ಞ ಎಲೀ ಮೆಚ್ನಿಕಾಫನಿಗೆ (1845–1916) ಕೊಡುವುದುಂಟು. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1882ರಲ್ಲಿ ಸಿಸಿಲಿಯ ಮೆಸ್ಸೀನದಲ್ಲಿದ್ದ ಅವನು ನಕ್ಷತ್ರಮೀನಿನ ಪಾರದರ್ಶಕವಾದ ಡಿಂಬದ ಮೈಗೆ ಗುಲಾಬಿಯ ಮುಳ್ಳನ್ನು ಚುಚ್ಚಿದನು. ಮರುದಿನ ಬೆಳಗ್ಗೆ ನೋಡಲಾಗಿ, ಚಲಿಸುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದುವು. ಹೊರಗಿನಿಂದ ಹೊಕ್ಕುದನ್ನು ನುಂಗಿ ಜೀರ್ಣಿಸುವ ಇಂತಹ ಭಕ್ಷಕಕೋಶಗಳೇ ಪ್ರಾಣಿದೇಹದ ಮೊದಲ ಕಾವಲೆಂದು ಅವನು ವಾದಿಸಿದನು. ಈ ರಕ್ಷಣೆಗೆ ರೋಗದ ಪೂರ್ವಪರಿಚಯ ಬೇಕಿಲ್ಲ; ಸಹಜವೆಂಬ ಹೆಸರು ಸಲ್ಲುವುದು ಅದರಿಂದಲೇ. ಇದಕ್ಕಾಗಿ 1908ರ ನೊಬೆಲ್ ಬಹುಮಾನದಲ್ಲಿ ಪೌಲ್ ಎರ್ಲಿಕ್‌ನೊಡನೆ ಅವನಿಗೆ ಪಾಲು ದೊರೆಯಿತು.

1888ರಿಂದ ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫನು ಕ್ರಮೇಣ ವಾರ್ಧಕ್ಯದತ್ತ ತಿರುಗಿದನು. ಮುಪ್ಪಿನಲ್ಲಿ ಇತರ ಅಂಗಗಳು ಕುಗ್ಗಿದರೂ ದೊಡ್ಡ ಭಕ್ಷಕಕೋಶಗಳ ಹಸಿವು ಕುಗ್ಗದು. ಅವು ದುರ್ಬಲವಾದ ನರಕೋಶಗಳನ್ನೇ ತಿನ್ನುತ್ತವೆ, ಕೂದಲಿನ ಬಣ್ಣವನ್ನು ಕಬಳಿಸಿ ನರೆಯನ್ನುಂಟುಮಾಡುತ್ತವೆ ಎಂಬುದು ಅವನ ಮತ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ! ಇದಕ್ಕೆಲ್ಲ ಮೂಲ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳ ವಿಷವೆಂದು ಬಗೆದು ಅವನು ಹುಳಿ ಹಾಲನ್ನು ಸೇವಿಸುತ್ತಿದ್ದನು. ಮೊಸರನ್ನವುಂಡು ಬೆಳೆದ ನಮಗೆ ಈ ಪಥ್ಯ ಹೊಸದೇನಲ್ಲ. ಅದರಿಂದ ಮುಪ್ಪು ದೂರವಾದುದನ್ನಂತೂ ನಾವು ಕಂಡಿಲ್ಲ. ಅವನು 71ನೆಯ ವಯಸ್ಸಿನಲ್ಲಿ ಹೃದ್ರೋಗದಿಂದ ತೀರಿಕೊಂಡನು.

ಆ ಬಳಿಕ ಸಂಶೋಧಕರ ಒಲವು ಬಹುಕಾಲ ರಕ್ತದ್ರವದ ಪ್ರತಿಕಾಯಗಳ ಕಡೆಗೇ ಹೆಚ್ಚಾಗಿತ್ತು. 1996ರಲ್ಲಿ ಜೂಲ್ಸ್ ಹಾಫ್‌ಮನ್ನನ ಪ್ರಯೋಗಶಾಲೆಯವರು, ಹಣ್ಣುನೊಣಕ್ಕೆ ಬೂಷ್ಟಿನ ಸೋಂಕಿನಿಂದ ರಕ್ಷಣೆ ನೀಡುವಲ್ಲಿ ಟೋಲ್ ಎಂಬ ವಂಶವಾಹಿ ಅಗತ್ಯವೆಂದು ತೋರಿಸಿದರು. ಅದರ ಸಜಾತಿ ಮಾನವನಲ್ಲಿಯೂ ಇದೆಯೆಂದು 1997ರಲ್ಲಿ ತಿಳಿದ ಮೇಲೆ ಸಹಜ ನಿರೋಧದ ಅಧ್ಯಯನ ಹೊಸ ಹುರುಪು ಪಡೆಯಿತು. 2000ದಲ್ಲಿ ಇಟಲಿಯ ಕ್ಲಾಡಿಯೊ ಫ್ರಾಂಚೆಸ್ಕಿ ಮತ್ತು ಸಂಗಡಿಗರು, ವಯಸ್ಸಿನೊಡನೆ ದೇಹದಲ್ಲಿ ಆರದೆ ಉಳಿಯುವ ಮಂದವಾದ ಉರಿಯೂತಕ್ಕೆ ಪ್ರತ್ಯೇಕ ಹೆಸರನ್ನೇ ಇತ್ತರು.

ಇಲ್ಲಿ ಸಾದೃಶ್ಯಕ್ಕೆ ಮರುಳಾಗಬಾರದು. ರಕ್ಷಕಕೋಶಗಳೇ ಮುಪ್ಪಿನಲ್ಲಿ ಹಾನಿಕರವಾಗಬಲ್ಲವೆಂಬ ಅವನ ಊಹೆ ಇಂದಿಗೂ ಜೀವಂತವಾಗಿದೆ. ಆದರೆ ಅವುಗಳ ಹಸಿವು ಕುಗ್ಗದೆಂಬ ಮಾತು ನಿಂತಿಲ್ಲ. ವೃದ್ಧರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳ ಸಂಖ್ಯೆ ಬಹುಮಟ್ಟಿಗೆ ಹಾಗೆಯೇ ಇದ್ದರೂ, ಅವು ಸೋಂಕಿನ ನೆಲೆಗೆ ನೇರವಾಗಿ ಸಾಗಲಾರವು, ನುಂಗುವ ಶಕ್ತಿಯೂ ತಗ್ಗುತ್ತದೆ. ಅತ್ತ ಇಂಟರ್‌ಲ್ಯೂಕಿನ್-6ರಂತಹ ಉರಿಯೂತದ ಸಂಕೇತದ್ರವ್ಯಗಳು ಸೋಂಕಿಲ್ಲದಿರುವಾಗಲೂ ಏರಿರುತ್ತವೆ. ಬಲಕ್ಷಯವೂ ಅತಿರೇಕವೂ ಒಂದೇ ದೇಹದಲ್ಲಿ ಕೂಡಿರುವ ಈ ಸ್ಥಿತಿಯನ್ನು ಮೆಚ್ನಿಕಾಫನು ಕಲ್ಪಿಸಿರಲಿಲ್ಲ. ಪ್ರಶ್ನೆಯನ್ನೆತ್ತಿದ ಗೌರವ ಅವನದು. ಉತ್ತರವನ್ನೂ ಅವನ ಲೆಕ್ಕಕ್ಕೆ ಬರೆಯುವುದನ್ನು ನಾವು ಒಪ್ಪಲಾರೆವು.